ದಿನಕ್ಕೆ ಹತ್ತು ಚಿಟಿಕೆ

ಫೆಬ್ರವರಿ 2, ಬೆಳಗ್ಗೆ 7.10

ಗೊರಸು ಕೆರೆದದ್ದಾಯಿತು. ಮೈ ಉಜ್ಜಿದ್ದಾಯಿತು. ಬಾಲವೂ ಆಯಿತು. ಕತ್ತಿನ ಮೇಲಿನ ಜೂಲಿಗೆ ಬಾಚಣಿಗೆ ಮುಟ್ಟಿಸಿದೆ, ಅಷ್ಟೆ — ಸಿಡುಕಿ ಕತ್ತನ್ನು ಮೇಲಕ್ಕೆತ್ತಿ ಗೋಡೆಗೆ ಒತ್ತಿ ನಿಂತಳು. ಕಿವಿಗಳೆರಡೂ ಹಿಂದಕ್ಕೆ. ಬಾಚಣಿಗೆ ಎಲ್ಲೋ ಹುಲ್ಲಿನೊಳಗೆ.

ರಿಜಿಸ್ಟರಿನಲ್ಲಿ ಈ ಹೆಣ್ಣು ಕುದುರೆಗೆ ಬೇರೆ ಹೆಸರಿದೆ. ಸಿಡುಕಿ ಎಂಬುದು ಅಕ್ಕ ಇಟ್ಟದ್ದು. ಆರು ವರ್ಷ ಈ ಲಾಯದಲ್ಲಿ ಕೆಲಸ ಮಾಡಿದವಳು ಅವಳು. ಪಶುವೈದ್ಯ ಕಾಲೇಜಿನಿಂದ ಏಳು ವಾರಗಳ ಪ್ರಾಕ್ಟಿಕಲ್‌ಗೆಂದು ನಮಗೆ ನಾಲ್ಕು ಲಾಯಗಳ ಪಟ್ಟಿ ಕೊಟ್ಟಿದ್ದರು. ಮೊದಲ ರ‍್ಯಾಂಕಿನವಳಿಗೆ ಮೊದಲ ಆಯ್ಕೆ. ಇದನ್ನು ಆರಿಸಿಕೊಂಡದ್ದು ಮನೆಗೆ ಹತ್ತಿರವೆಂಬ ಕಾರಣಕ್ಕೆ. ಬೇರೆ ಕಾರಣವಿಲ್ಲ.

ಲಾಯದ ಮೇಸ್ತ್ರಿ ಬಾಗಿಲಿಗೆ ಒರಗಿ ನೋಡುತ್ತಿದ್ದರು.

"ಏನ್ ಡಾಕ್ಟ್ರಮ್ಮ, ಪುಸ್ತಕದ ಬದನೆಕಾಯಿ ಅಡುಗೆಗೆ ಬರ್ತಾ ಇಲ್ವಾ?"

"ಎರಡು ದಿನ ಕೊಡಿ."

"ನಾನೇನೋ ಕೊಡ್ತೀನಿ. ಮಾರ್ಚ್ ಇಪ್ಪತ್ತಕ್ಕೆ ತಪಾಸಣೆ. ಮಕ್ಕಳು ಸವಾರಿ ಕಲಿಯೋ ಜಾಗ ಇದು. ಜೂಲು ಮುಟ್ಟೋಕೆ ಬಿಡದ ಕುದುರೆ ಬೇಡ ಅಂತ ಹೋದ್ಸಲಾನೇ ಬರೆದು ಹೋಗಿದ್ದಾರೆ. ಈ ಸಲವೂ ಹೀಗೇ ಆದ್ರೆ ಗಾಡಿಯವ್ರಿಗೆ ಕೊಟ್ಟುಬಿಡ್ತಾರೆ."

ಎರಡು ದಿನ ಸಾಕು. ಜೂಲನ್ನು ಕತ್ತರಿಸುವುದಿಲ್ಲ, ಉದ್ದ ಕೂದಲನ್ನು ಬಾಚಣಿಗೆಗೆ ಸುತ್ತಿ ಕಿತ್ತು ಸಮ ಮಾಡುವುದು; ಆ ಅಧ್ಯಾಯ ಕಂಠಪಾಠವಾಗಿದೆ.

ಫೆಬ್ರವರಿ 4, ಸಂಜೆ

ಅಡುಗೆಮನೆಯಲ್ಲಿ ಅಮ್ಮ ಫೋನಿನಲ್ಲಿದ್ದಳು. ಅತ್ತ ಅಕ್ಕ. ಅವಳು ಊರು ಬಿಟ್ಟು ಆರು ತಿಂಗಳು. ಈಗ ದೂರದ ಇನ್ನೊಂದು ಲಾಯದಲ್ಲಿದ್ದಾಳೆ. ನಾನು ಕೋಣೆಯಲ್ಲಿ ಪುಟ ತಿರುಗಿಸುತ್ತಿದ್ದೆ. ಸರಿಯಾದ ಅಂತರಕ್ಕೆ, ಓದುತ್ತಿರುವಂತೆ ಕೇಳಿಸಬೇಕಲ್ಲ.

ಮಾತು ಮುಗಿಸಿ ಅಮ್ಮ ಬಾಗಿಲಿಗೆ ಬಂದಳು.

"ನಿನ್ನನ್ನ ಕೇಳಿದ್ಲು ಕಣೇ."

"ಏನಂತ?"

"ಸರಿಯಾಗಿ ತಿಂತಾಳಾ ಅಂತ."

"ಅಷ್ಟೇನಾ?"

"ಇನ್ನೇನು ಕೇಳ್ಬೇಕಿತ್ತು? ನೀನೇ ಮಾತಾಡು. ಇಬ್ರಿಗೂ ಮೂಗಿನ ತುದೀಲಿ ಕೋಪ, ನಡುವೆ ನಾನೊಬ್ಳು ಪೋಸ್ಟ್‌ಮ್ಯಾನು."

ಅಕ್ಕನ ಮಂಚದ ಮೇಲೆ ನನ್ನ ಪುಸ್ತಕಗಳನ್ನು ಜೋಡಿಸಿಟ್ಟಿದ್ದೇನೆ. ಖಾಲಿ ಮಂಚ ನೋಡುವುದಕ್ಕಿಂತ ವಾಸಿ.

ಫೆಬ್ರವರಿ 5

ಎರಡು ದಿನ ಮುಗಿಯಿತು. ಮೇಸ್ತ್ರಿಯ ಸಲಹೆ: ಕುದುರೆ ಅಲುಗದಂತೆ ಅದರ ಮೇಲ್ದುಟಿಗೆ ಹಗ್ಗ ಬಿಗಿದು ಹಿಡಿಯುವುದು. ಪುಸ್ತಕದಲ್ಲೂ ಈ ಕ್ರಮವಿದೆ, ಪುಟಸಂಖ್ಯೆಯೂ ನೆನಪಿದೆ. ಒಪ್ಪಿದೆ.

ಸಿಡುಕಿ ನಿಂತಳು. ನಿಂತಳೆಂದರೆ... ಅಲುಗಲಿಲ್ಲ, ಅಷ್ಟೆ. ಎದೆಯ ಮೇಲೆ ಬೆವರು ಕಪ್ಪಗೆ ಹರಡಿತು. ಕಣ್ಣಿನ ಬಿಳಿ ಕಾಣಿಸಿತು. ಬಾಚಣಿಗೆಗೆ ಕೂದಲು ಸುತ್ತಿ ಒಮ್ಮೆ ಎಳೆದೆ. ಇನ್ನೊಮ್ಮೆ ಎಳೆಯಲು ಕೈ ಏಳಲಿಲ್ಲ.

"ಬಿಚ್ಚಿ," ಎಂದೆ.

"ಶುರುವೇ ಆಗಿಲ್ವಲ್ಲ."

"ಬಿಚ್ಚಿ ಅಂದೆನಲ್ಲ."

ಮೇಸ್ತ್ರಿ ಬಿಚ್ಚಿದರು. ನನ್ನ ಮುಖ ನೋಡಿ, ಎಂದೂ ಇಲ್ಲದ ಹಾಗೆ, ತಮಾಷೆ ಮಾಡದೆ ಹೋದರು.

ಫೆಬ್ರವರಿ 9

ನಾಲ್ಕು ದಿನ ಏನೂ ಬರೆಯಲಿಲ್ಲ. ಇದನ್ನು ಬರೆಯದೆ ಮುಂದಿನದನ್ನು ಬರೆಯಲಾಗದು. ಬರೆದುಬಿಡುತ್ತೇನೆ.

ಕಳೆದ ಜೂನ್. ರಜೆಗೆ ಬಂದಿದ್ದೆ. ಲಾಯಕ್ಕೆ ಹೊರಗಿನವರು ಭೇಟಿ ಕೊಟ್ಟ ದಿನ, ಸುಮಾರು ಹದಿನೈದು ಜನ. ಅಕ್ಕ ಸಿಡುಕಿಯ ಜೂಲು ಸರಿಪಡಿಸುತ್ತಿದ್ದಳು — ಅವಳದೇ ರೀತಿಯಲ್ಲಿ, ಬರಿಗೈಯಲ್ಲಿ, ಒಂದಿಷ್ಟು ಕಿತ್ತು, ತಟ್ಟಿ, ನಿಲ್ಲಿಸಿಬಿಡುವುದು. ಉಳಿದದ್ದು ನಾಳೆಗೆ. ಜೂಲು ಅರ್ಧ ಗಿಡ್ಡ, ಅರ್ಧ ಉದ್ದ. ಬಂದವರಲ್ಲೊಬ್ಬರು ನಕ್ಕರು. ನನಗೆ ಅವಮಾನವೆನಿಸಿತು. ಎಲ್ಲರ ಎದುರು ಹೇಳಿದೆ: "ಇದು ಸೋಮಾರಿಗಳ ಪದ್ಧತಿ. ಒಂದೇ ಸಲ ಕೂತು ಮುಗಿಸಬೇಕು. ಪುಸ್ತಕ ಓದಿದ್ದರೆ ಗೊತ್ತಿರುತ್ತಿತ್ತು."

ಅಕ್ಕ ಎರಡು ಸಲ ಫೇಲಾಗಿ ಓದು ಬಿಟ್ಟವಳು. ಅದು ನನಗೆ ಗೊತ್ತಿದ್ದೇ ಹೇಳಿದೆ.

ಅವಳು ಬಾಚಣಿಗೆ ತೆಗೆದುಕೊಂಡಳು. ನಾನು ಹೇಳಿದಂತೆಯೇ ಮಾಡಿದಳು. ಇಪ್ಪತ್ತು ನಿಮಿಷ ಸಿಡುಕಿ ತಡೆದುಕೊಂಡಳು. ಆಮೇಲೆ ಮುಂಗಾಲೆತ್ತಿ ಎದ್ದಳು. ಹಗ್ಗಕ್ಕೆ ಸಿಕ್ಕಿ ಅಕ್ಕನ ಬಲಗೈ ಮಣಿಕಟ್ಟು ಮುರಿಯಿತು. ಕುದುರೆಯನ್ನು ಕೆಡಿಸಿದವಳೆಂಬ ಮಾತು ಅವಳ ಮೇಲೆ ಬಂತು. ನಾನು ಅಲ್ಲೇ ಇದ್ದೆ. ಹೇಳಿಕೊಟ್ಟವಳು ನಾನೆಂದು ಹೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ — ಬರೆ ಹಾಕುವವರ ಸಾಲಿನಲ್ಲಿ ಸುಮ್ಮನೆ ನಿಂತಿದ್ದೆ.

ಪ್ಲಾಸ್ಟರು ಬಿಚ್ಚಿದ ವಾರ ಅಕ್ಕ ಹೋದಳು.

ಫೆಬ್ರವರಿ 10, ಮಧ್ಯಾಹ್ನ

ಮೆಸೇಜ್ ಕಳಿಸಿದೆ. ಏಳು ಕರಡುಗಳಾದವು. "ಅಂದು ತಾಂತ್ರಿಕವಾಗಿ ನಾನು ಹೇಳಿದ್ದು ತಪ್ಪಲ್ಲವಾದರೂ" ಎಂದು ಶುರುವಾದ ಒಂದನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ. ಕೊನೆಗೆ ಹೋದದ್ದು ಇಷ್ಟೇ:

"ಸಿಡುಕಿಯ ಜೂಲನ್ನು ಹೇಗೆ ಸರಿಮಾಡುತ್ತಿದ್ದೆ?"

ಅದೇ ದಿನ, 5.40

ಉತ್ತರ ಬಂತು.

"ಓಡಿಸಿ ಬಂದ್ಮೇಲೆ. ಮೈ ಬಿಸಿ ಇರುವಾಗ. ಬಾಚಣಿಗೆ ಬೇಡ. ಅಡಿ ಕೂದಲು. ಹತ್ತು ಚಿಟಿಕೆ. ಸಾಕು."

ಬೆರಳಿಗೆ ಸಿಕ್ಕ ನಾಲ್ಕೈದು ಕೂದಲು, ಅಕ್ಕನ ಲೆಕ್ಕದಲ್ಲಿ ಒಂದು ಚಿಟಿಕೆ. ಹೇಗಿದ್ದೀ ಎಂದಿಲ್ಲ. ನಾನೂ ಕೇಳಿರಲಿಲ್ಲವಲ್ಲ. ಅಮ್ಮನಿಗೆ ತೋರಿಸಿದೆ: "ನೋಡು, ಎಷ್ಟು ಸಿಟ್ಟು. ಒಂದು ಪೂರ್ತಿ ವಾಕ್ಯವಿಲ್ಲ."

"ಎಡಗೈ ಹೆಬ್ಬೆಟ್ಟಲ್ಲಿ ಒತ್ತಬೇಕು ಅವಳು. ಬಲಗೈ ಇನ್ನೂ ಪೂರ್ತಿ ಮಡಚಲ್ಲ," ಎಂದಳು ಅಮ್ಮ. ಹೊಲಿಗೆ ಯಂತ್ರದಿಂದ ತಲೆ ಎತ್ತಲೂ ಇಲ್ಲ.

ಮತ್ತೊಮ್ಮೆ ಓದಿದೆ. ಈ ಸಲ ಬಹಳ ಉದ್ದವಿದೆ ಎನ್ನಿಸಿತು.

ಫೆಬ್ರವರಿ 11

ಬರಿಗೈ ಕಂಡರೂ ಕತ್ತೆತ್ತಿದಳು. ಅಕ್ಕನಿಗೆ ಬರೆದೆ: "ಸೊನ್ನೆ." ನನ್ನ ಹೆಸರಿನ ಮುಂದೆ ಈ ಅಂಕಿಯನ್ನು ಬರೆದದ್ದು ಇದೇ ಮೊದಲು.

"ನಂಗೂ ಮೊದ್ಲು ಎರಡು ವಾರ ಸೊನ್ನೆನೇ," ಎಂದು ಬಂತು.

ಫೆಬ್ರವರಿ 12. ಸೊನ್ನೆ.

ಫೆಬ್ರವರಿ 13. ಸೊನ್ನೆ.

ಫೆಬ್ರವರಿ 16

ಒಂದು. ಒಂದೇ ಒಂದು. ಮೈ ಬಿಸಿಯಿತ್ತು, ಕೂದಲು ಬೆಣ್ಣೆಯಿಂದ ಎಳೆದಂತೆ ಬಂತು. ಸಿಡುಕಿಗೆ ಗೊತ್ತೇ ಆಗಲಿಲ್ಲ. ಗೊತ್ತಾದಾಗ ತಿರುಗಿ ನನ್ನನ್ನು ನೋಡಿದಳು — ಇಷ್ಟೇನಾ, ಎಂಬಂತೆ. ಇಷ್ಟೇ. ಕತ್ತು ತಟ್ಟಿ ಹೊರಬಂದೆ. ಸಾಧ್ಯವಿದ್ದೂ ನಿಲ್ಲಿಸುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ.

ಫೆಬ್ರವರಿ 25

ಹತ್ತು.

ಫೆಬ್ರವರಿ 27

ಉತ್ಸಾಹ ಹೆಚ್ಚಾಯಿತು. ಹನ್ನೊಂದನೆಯದಕ್ಕೆ ಗೋಡೆಗೆ ಒತ್ತಿ ನಿಂತಳು. ಪ್ರಾಮಾಣಿಕವಾಗಿ "ಹನ್ನೊಂದು" ಎಂದು ಕಳಿಸಿದೆ.

"ಒಂದು ಜಾಸ್ತಿ. ಅವಳಿಗೆ ಎಣಿಸೋಕೆ ಬರತ್ತೆ ಕಣೇ."

ಕಣೇ. ಎಂಟು ತಿಂಗಳ ನಂತರದ ಕಣೇ. ಅಕ್ಕನ ಮಂಚದಿಂದ ಪುಸ್ತಕಗಳನ್ನು ತೆಗೆದೆ. ಹೊದಿಕೆ ಕೊಡವಿ ಹಾಸಿದೆ. ಅಮ್ಮ ಕಂಡೂ ಕಾಣದಂತೆ ಹೋದಳು.

ಮಾರ್ಚ್ 8

ದಿನವೂ ಸಂಜೆ ಒಂದು ಅಂಕಿ ಹೋಗುತ್ತದೆ, ಒಂದು ಮಾತು ಬರುತ್ತದೆ. "ಹ್ಞೂಂ." "ಪರವಾಗಿಲ್ಲ." "ಮೇಸ್ತ್ರಿ ಏನಂದ್ರು?" ಮೇಸ್ತ್ರಿ ಇಂದು ಎಂದದ್ದು: "ನಿಮ್ಮಕ್ಕ ನಿಂತ ಹಾಗೇ ನಿಂತ್ಕೊಳ್ತೀರಲ್ಲ ಡಾಕ್ಟ್ರಮ್ಮ, ಒಂದು ಕಾಲ ಮೇಲೆ, ಕೊಕ್ಕರೆ ಥರ." ಅದನ್ನು ಅಕ್ಕನಿಗೆ ಬರೆಯಲಿಲ್ಲ. ನಾನೇ ಇಟ್ಟುಕೊಂಡೆ.

ಮಾರ್ಚ್ 18

ಭುಜದಿಂದ ಮೇಲಕ್ಕೆ ಜೂಲೆಲ್ಲ ಒಂದು ಗೇಣಿನ ಸಮ ಉದ್ದಕ್ಕೆ ಬಂದಿದೆ. ಉಳಿದಿರುವುದು ಕಿವಿಯ ಹಿಂದಿನ ಸ್ವಲ್ಪ ಜಾಗ. ಲೆಕ್ಕ ಹಾಕಿದೆ: ಇಪ್ಪತ್ತು ಚಿಟಿಕೆ. ಇಂದು ಹತ್ತು, ನಾಳೆ ಹತ್ತು. ತಪಾಸಣೆಗೆ ಸರಿಯಾಗಿ ಮುಗಿಯುತ್ತದೆ.

ಮುಗಿದ ಮೇಲೆ ಸಂಜೆ ಏನು ಕಳಿಸುವುದು?

ಮಾರ್ಚ್ 19

ಸಿಡುಕಿ ತಾನೇ ತಲೆ ತಗ್ಗಿಸಿ ಕೊಟ್ಟಳು. ಕತ್ತು ತಟ್ಟಿ ಹೊರಬಂದೆ. ಏನನ್ನೂ ಕೀಳಲಿಲ್ಲ. ಏನನ್ನೂ ಕಳಿಸಲಿಲ್ಲ.

ಮಾರ್ಚ್ 20, ಸಂಜೆ 6.15

ತಪಾಸಣೆ ಆಯಿತು. ಬಂದವರು ವಯಸ್ಸಾದ ಡಾಕ್ಟರು. ಬುಡದಿಂದ ತುದಿಯವರೆಗೆ ಜೂಲಿನಲ್ಲಿ ಬೆರಳಾಡಿಸಿದರು; ತಾವೇ ಎರಡು ಕೂದಲು ಕಿತ್ತರು. ಸಿಡುಕಿ ಹುಲ್ಲು ಅಗಿಯುವುದನ್ನು ನಿಲ್ಲಿಸಲಿಲ್ಲ. ಗಾಡಿಯ ಮಾತೇ ಬರಲಿಲ್ಲ.

"ಚೆನ್ನಾಗಿ ಪಳಗಿಸಿದ್ದೀಯಮ್ಮ. ಕಿವಿ ಹಿಂದೆ ಇಷ್ಟು ಯಾಕೆ ಉಳಿಸ್ದೆ?"

"ಸಮಯ ಸಾಲಲಿಲ್ಲ ಸರ್."

ಮೇಸ್ತ್ರಿ ಛಾವಣಿ ನೋಡುತ್ತಿದ್ದರು. ನಿನ್ನೆ ನಾನು ಅರ್ಧ ಗಂಟೆ ಸುಮ್ಮನೆ ಲಾಯದಲ್ಲಿ ಕೂತಿದ್ದನ್ನು ಕಂಡವರು.

"ಜೂಲು ಸರಿಮಾಡೋ ಈ ರೀತಿ ಯಾರು ಹೇಳಿಕೊಟ್ಟಿದ್ದು?"

"ನಮ್ಮಕ್ಕ. ಇಲ್ಲೇ ಕೆಲಸ ಮಾಡ್ತಿದ್ಲು. ಕುದುರೆ ಕೆಟ್ಟದ್ದು ಅವಳಿಂದಲ್ಲ ಸರ್, ನನ್ನಿಂದ." ಎಲ್ಲರ ಎದುರೇ ಹೇಳಿದೆ. ದನಿ ನಡುಗಲಿಲ್ಲವೆಂದು ಮೇಸ್ತ್ರಿ ಆಮೇಲೆ ಹೇಳಿದರು. ಅವರು ಒಳ್ಳೆಯವರು, ಸುಳ್ಳು ಹೇಳುತ್ತಾರೆ.

ನನ್ನ ಪ್ರಾಕ್ಟಿಕಲ್‌ಗೆ ಅವರು ಕೊಟ್ಟ ಅಂಕ ಐವತ್ತಕ್ಕೆ ನಲವತ್ತೊಂಬತ್ತು. ಗೊತ್ತಿದ್ದೂ ಬರೆಯದೆ ಬಿಟ್ಟುಬಂದ ಮೊದಲ ಉತ್ತರ.

6.40

ಅಕ್ಕನ ಮೆಸೇಜ್. "ಎರಡು ದಿನದಿಂದ ನಂಬರ್ ಇಲ್ಲ. ಮುಗೀತಾ?"

"ಇಲ್ಲ. ಕಿವಿಯ ಹಿಂದೆ ಹತ್ತು ಚಿಟಿಕೆ ಉಳಿದಿದೆ."

"ಯಾಕೆ?"

ಒಂದೇ ಪದ. ಒಂದು ಅಂಕದ ಪ್ರಶ್ನೆ. ಬರೆದೆ, ಅಳಿಸಿದೆ. ಮತ್ತೆ ಬರೆದೆ. ಅವು ನಿನ್ನ ಕೈಗೆ ಇರಲಿ ಎಂದು... ಅಳಿಸಿದೆ.

ಫೋನ್ ಸದ್ದು ಮಾಡುತ್ತಿದೆ. ಮೆಸೇಜ್ ಅಲ್ಲ. ಅವಳೇ. ಒಳಗಿಂದ ಅಮ್ಮ, "ತಗೊಳ್ಳೇ," ಎನ್ನುತ್ತಿದ್ದಾಳೆ. ಮೊದಲು ಹೇಳಬೇಕಾದದ್ದು ಗೊತ್ತಿದೆ, ಒಂದೇ ಸಾಲು — ಅಕ್ಕಾ, ಅವತ್ತು ಎಲ್ಲರ ಎದುರು ನಾನು