ಎರಡನೇ ಕುರ್ಚಿ

ಲಂಬೂ,

ನಾವಿಬ್ಬರೂ ಕೂದಲು ಕತ್ತರಿಸುತ್ತಿದ್ದ ಅಂಗಡಿ, ಮೇಲಿನ ರೂಮೂ ಸೇರಿ, ಇವತ್ತು ಬೆಳಿಗ್ಗೆ ನನಗೇ ಮಾರುವುದು ಅಂತ ನಿಕ್ಕಿಯಾಯಿತು. ಕೈಯಲ್ಲಿದ್ದದ್ದು ಬೆಲೆಯ ಹತ್ತರಲ್ಲೊಂದು ಪಾಲು. ಸಾಲಕ್ಕೆ ಹೋದರೆ ಬ್ಯಾಂಕಿನವರು ಸಂಬಳದ ಚೀಟಿ ಕೇಳಿದ್ದರು. ನನಗೆ ಸಂಬಳ ಕೊಡೋರು ಯಾರು, ಕನ್ನಡಿಯಾ?

ಕೊನೆಗೆ ನೀನು ಹೇಳಿದ್ದ ದಾರಿಯನ್ನೇ ಹಿಡಿದೆ. ಕಟ್ಟಡದ ಮಾಲೀಕರು ಶೇವಿಂಗಿಗೆ ಬಂದು ಕೂತಿದ್ದರು. ನೊರೆ ಹಚ್ಚಿ, ಕತ್ತಿ ತೆಗೆದುಕೊಂಡು ಕೇಳಿಯೇಬಿಟ್ಟೆ: “ಈಗ ಸ್ವಲ್ಪ ಕೊಡ್ತೀನಿ. ಉಳಿದದ್ದನ್ನ ನಿಮಗೇ ತಿಂಗಳು ತಿಂಗಳು ಕಟ್ಟಿ ತೀರಿಸ್ತೀನಿ. ಮೇಲಿನ ರೂಮು ಬಾಡಿಗೆಗೆ ಕೊಟ್ರೆ ಅರ್ಧ ಕಂತು ಅಲ್ಲೇ ಬರುತ್ತೆ.”

“ಕುತ್ತಿಗೆಗೆ ಕತ್ತಿ ಹಿಡಿದು ಕೇಳಿದ್ರೆ ಇಲ್ಲ ಅನ್ನೋಕಾಗುತ್ತೇನಯ್ಯಾ?” ಅಂತ ನಕ್ಕರು. ಆಮೇಲೆ ಮುಖ ಒರೆಸಿಕೊಳ್ಳುತ್ತಾ, “ಆಗಲಿ. ಆದ್ರೆ ಇಷ್ಟು ವರ್ಷ ಯಾಕೆ ಕೇಳಲಿಲ್ಲ? ನೀವಿಬ್ರೂ ಇದ್ದಾಗ ಕೇಳಿದ್ರೆ ಆಗಲೇ ಕೊಡ್ತಿದ್ದೆ” ಅಂದರು.

ಕತ್ತಿ ತೊಳೆಯುವ ನೆಪದಲ್ಲಿ ನಲ್ಲಿ ಕಡೆ ತಿರುಗಿಕೊಂಡೆ.

ಎಂಟು ವರ್ಷದ ಹಿಂದೆ ನೀನು, “ಬಾಯಿಬಿಟ್ಟು ಕೇಳೋಕೂ ಕಾಸು ಬೇಕೇನೋ?” ಅಂತ ಬೈದು ನನ್ನನ್ನು ಅವರ ಮನೆಗೆ ಅಟ್ಟಿದ್ದೆಯಲ್ಲ, ಅವತ್ತು ಗೇಟಿನವರೆಗೆ ಹೋಗಿ, ಬೆಲ್ ಒತ್ತದೆ ವಾಪಸ್ ಬಂದೆ. ನಿನಗೆ, “ಆಗಲ್ಲ ಅಂದ್ರು ಕಣೋ” ಅಂದೆ. ಆ ತಿಂಗಳೇ ನೀನು ಕತ್ತರಿ ಬಾಚಣಿಗೆ ಸುತ್ತಿಕೊಂಡು ಊರು ಬಿಟ್ಟೆ.

ನಿನ್ನ ಕುರ್ಚಿ ಅಲ್ಲೇ ಇದೆ. ಜನ ಹೆಚ್ಚಾದಾಗ ಯಾರಾದರೂ ಅದರಲ್ಲಿ ಕೂರಲು ಹೋದರೆ, “ರಿಪೇರಿಗಿದೆ” ಅನ್ನುತ್ತೇನೆ.

ಕುರ್ಚಿಗೇನೂ ಆಗಿಲ್ಲ.