ಗೌರಿಯ ಎರಡನೆಯ ಕರು

ಗುಬ್ಬಿ,
14-2-1979

ಚಿ. ಸೌ. ಗಂಗಾಂಬಿಕೆಗೆ ನಿನ್ನ ತಂದೆ ಮಾಡುವ ಆಶೀರ್ವಾದಗಳು. ನಾನೂ ನಿನ್ನ ಅವ್ವನೂ ಕ್ಷೇಮ. ನಿನ್ನ ಕೆಮ್ಮು ಹತೋಟಿಗೆ ಬಂದಿತೆ? ಸಂಜೆಯ ಹೊತ್ತು ಮಗುವನ್ನು ಎತ್ತಿಕೊಂಡು ಕುಣಿಗಲ್ ಕೆರೆಯ ಗಾಳಿಗೆ ನಿಲ್ಲತಕ್ಕದ್ದಲ್ಲ. ಮೊಮ್ಮಗನಿಗೆ ಹಲ್ಲು ಮೂಡಿದ ಸಂಗತಿಯನ್ನು ನಿನ್ನ ಅವ್ವ ಬೀದಿಗೆಲ್ಲ ಸಾರಿ ಬಂದಳು.

ತರುವಾಯ, ನಿನ್ನ ಗೌರಿ ಹಸು ಎರಡನೆಯ ಕರು ಹಾಕುವಾಗ ಕರುವಿನೊಂದಿಗೇ ತೀರಿಕೊಂಡದ್ದು ನಿನಗೆ ತಿಳಿದೇ ಇದೆ. ಉಳಿದಿರುವುದು ಮೊದಲ ಕರು ಮಾತ್ರ. ಅದೀಗ ಬೆಳೆದು ಕಡಸಾಗಿದೆ. ನಿನ್ನ ಪತ್ರದಲ್ಲಿ, ಕೊಟ್ಟಿಗೆ ಇರುವ ಮನೆಗೆ ಬಂದಿದ್ದೇವೆ, ಮಗುವಿಗೆ ಮನೆಯ ಹಾಲು ಬೇಕು, ಕಡಸನ್ನು ಕಳಿಸಿ ಎಂದು ಬರೆದಿರುವೆ. ಸದರಿ ಕಡಸು ಕರಾರಿನ ಪ್ರಕಾರ ನಿನ್ನದೇ. ಹಸುವನ್ನು ಕರಿಬಸಮ್ಮನಿಗೆ ಪಾಲಿಗೆ ಸಾಕಲು ಒಪ್ಪಿಸಿದಾಗ, ಮೊದಲ ಕರು ಒಡತಿಗೆ, ಎರಡನೆಯದು ಸಾಕಿದವಳಿಗೆ ಎಂದು ಗೊತ್ತುಮಾಡಿದವನು ನಾನೇ. ತಾಲ್ಲೂಕು ಕಚೇರಿಗೆ ಊರವರ ಅರ್ಜಿಗಳನ್ನೆಲ್ಲ ಬರೆದ ಕೈ ಇದು. ಆ ಕರಾರಿನಲ್ಲಿ ಆಗ ನನಗೆ ಯಾವ ಲೋಪವೂ ಕಾಣಲಿಲ್ಲ.

ಕರಿಬಸಮ್ಮನ ಕೊಟ್ಟಿಗೆಯಿಂದ ಕಡಸನ್ನು ಹೊಡೆದು ತರಲು ಹೊರಟಾಗ ನಿನ್ನ ಅವ್ವ ಬಾಗಿಲಲ್ಲಿ ನಿಂತು, "ಮೊದಲ್ನೇದು ನಮ್ಗೆ, ಆಮೇಲಿಂದು ಅವ್ಳಿಗೆ ಅಂದ್ರಲ್ಲ, ಇನ್ನೊಂದು ಹಾಕೇ ಹಾಕ್ತೀನಿ ಅಂತ ಹಸು ಏನಾದ್ರೂ ಅರ್ಜಿ ಬರ್ಕೊಟ್ಟಿತ್ತಾ?" ಎಂದಳು. ಅವಳ ನಾಲಿಗೆ ನಿನಗೆ ಗೊತ್ತಿದ್ದದ್ದೇ. ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕುಳಿತೆ. ಎರಡು ಕರುವೂ ಇನ್ನೂ ಹುಟ್ಟದೆ ಕಣ್ಣಿಗೆ ಕಾಣದ ದಿನ ಆಡಿದ ಮಾತು, ಆದ್ದರಿಂದ ನ್ಯಾಯ ಎಂದು ತಿಳಿದಿದ್ದೆ. ಆದರೆ ಕಾಣದ್ದರಲ್ಲಿಯೂ ಹತ್ತಿರದ್ದನ್ನು ನಾವು ಇಟ್ಟುಕೊಂಡು ದೂರದ್ದನ್ನು ಅವಳಿಗೆ ಕೊಟ್ಟಿದ್ದೆವು. ಅವಳು ಹಾಲು ಕರೆದುಕೊಂಡಿಲ್ಲವೇ ಎಂದು ಅಳಿಯಂದಿರು ಕೇಳಬಹುದು. ಆ ಹಾಲು ಹುಲ್ಲು ಹಿಂಡಿಗೇ ಸರಿಹೋಯಿತು. ಹಸು ಹೋದ ನಷ್ಟ ನಿನ್ನದೆಂಬುದನ್ನೂ ನಾನು ಮರೆತಿಲ್ಲ ಮಗಳೇ.

ಆದಕಾರಣ ನನ್ನ ಅರಿಕೆ ಇಷ್ಟೆ. ಕಡಸು ನಿನ್ನದಾಗಿಯೇ ಅವಳ ಕೊಟ್ಟಿಗೆಯಲ್ಲಿರಲಿ. ಈ ಬಾರಿ ಅದರ ಮೊದಲ ಕರುವೂ ಹಾಲೂ ಅವಳಿಗೆ, ಎರಡನೆಯ ಕರು ನಿನಗೆ. ತಂದೆಯೆಂದು ಅಪ್ಪಣೆ ಮಾಡಬಹುದಿತ್ತು. ಹಸು ನಿನ್ನ ಬಳುವಳಿ, ಆದ್ದರಿಂದ ಕೇಳುತ್ತಿದ್ದೇನೆ.

ಅಳಿಯಂದಿರಿಗೆ ನನ್ನ ಆಶೀರ್ವಾದ. ಮಗುವಿನ ನೆತ್ತಿಗೆ ನನ್ನ ಪರವಾಗಿ ಒಂದು ಮುತ್ತು.

ಇಂತು ನಿನ್ನ ತಂದೆ,
ಗುರುಸಿದ್ದಯ್ಯ

ಮೇಲೆ ಬರೆಯದೆ ಉಳಿದದ್ದು: ಪತ್ರ ಅಂಟಿಸುವಷ್ಟರಲ್ಲಿ ಕರಿಬಸಮ್ಮ ಬಂದಳು. ನಿನಗೆ ಬರೆದದ್ದನ್ನು ಅವಳಿಗೂ ಓದಿ ಹೇಳಿದೆ. ಕಡಸು ಗಬ್ಬವಾಗಿದೆಯೆಂದು ದನದ ಡಾಕ್ಟರು ಈ ದಿನ ನೋಡಿ ಹೇಳಿದರಂತೆ. ಮಳೆಗಾಲಕ್ಕೆ ಮೊದಲೇ ಕರು ಹಾಕಿ ಹಾಲಾಗುತ್ತದೆ. "ಗಂಗವ್ವಂಗೆ ಇದ್ನೂ ಬರೀರಿ ಸ್ವಾಮಿ. ಗೊತ್ತಿಲ್ದೆ ಅವ್ರು ಹೂಂ ಅಂದ್ಬುಟ್ರೆ, ಆ ಹಾಲು ನಮ್ ಗಂಟ್ಲಲ್ಲಿ ಇಳಿಯಾಕಿಲ್ಲ" ಎಂದಳು. ಬರೆದಿದ್ದೇನೆ. ನಮಗೆ ಕಂಡದ್ದೆಲ್ಲ ಈಗ ನಿನಗೂ ಕಂಡಂತಾಯಿತು. ಇನ್ನು ಉತ್ತರ ಬರೆ.