ಮುಳ್ಳು ತೆಗೆದ ಬಯಲು

ಅವ್ವಾ,

ನಿನ್ನನ್ನು ಮಣ್ಣು ಮಾಡಿದ ಬಯಲಿನಲ್ಲಿ ಇವತ್ತು ಬೆಳಿಗ್ಗೆ ನೀರು ಬಂತು. ನಮ್ಮ ಸೊಮಾಲಿಯಾವನ್ನು ಮತ್ತೆ ಕಟ್ಟುತ್ತೇವೆಂದು ಬಂದ ಪರದೇಶದವರು ಅಲ್ಲಿ ಕೊಳವೆಬಾವಿ ಕೊರೆಸಿದ್ದಾರೆ. ಬರದಲ್ಲಿ ಸತ್ತವರನ್ನು ಕತ್ತೆಕಿರುಬ ಕೆದಕದಿರಲೆಂದು ನಾವು ಮೇಲೆ ಮುಳ್ಳುಕೊಂಬೆ ಹೇರಿದ್ದೆವು. ನಿನ್ನ ಗೋರಿಗೆ ಇದ್ದ ಗುರುತು ಅದೊಂದೇ. ಅವರ ಯಂತ್ರ ಅದನ್ನು ಪೊದೆಯೆಂದು ಸವರಿ ಹಾಕಿದೆ.

ಎಂಜಿನಿಯರು ಒಳ್ಳೆಯವನೇ. ಮೊದಲು ಊರ ಹಿರಿಯರನ್ನು ಕೇಳಿದ್ದನಂತೆ. ಆದರೆ ಈಗಿನ ಹಿರಿಯರು ಯುದ್ಧ ಗೆದ್ದು ಬಂದು ನೆಲೆಸಿದವರು. "ಯಾರದ್ದೂ ಅಲ್ಲ ಸ್ವಾಮಿ, ಬರೀ ಮುಳ್ಳು" ಅಂದರಂತೆ.

ನೀರಿನ ಸಾಲಿನಲ್ಲಿ ನಿಂತಿದ್ದ ನಾನು ಇದನ್ನು ಕೇಳಿ ಖಾಲಿ ಕೊಡ ಹಿಡಿದು ಹಿಂತಿರುಗಹೊರಟೆ. ಪಕ್ಕದ ಮನೆಯ ಇಶೋ ಸೆರಗು ಹಿಡಿದೆಳೆದಳು.

"ಸಾಲು ಬಿಡಬೇಡ ಕಣೇ ಮುಮಿನೋ! ನನ್ನ ಗಂಡನೂ ಇಲ್ಲೇ ಮಲಗಿದಾನೆ. ಬದುಕಿದ್ದಾಗ ಒಂದು ಕೊಡ ನೀರು ತಂದವನಲ್ಲ, ಈಗಾದ್ರೂ ಕೊಡ್ಲಿ ಬಿಡು."

ಸಾಲಿನವರೆಲ್ಲ ನಕ್ಕರು. ನಾನೂ ನಕ್ಕೆ, ಕೊಡ ತುಂಬಿಸಿಕೊಂಡೆ.

ಸಂಜೆ ಒಂದು ಮುಳ್ಳುಕೊಂಬೆ ಎಳೆದುಕೊಂಡು ಮತ್ತೆ ಹೋದೆ. ಎಲ್ಲಿಡುವುದೆಂದು ತಿಳಿಯಲಿಲ್ಲ ಅವ್ವಾ. ಎಲ್ಲೆಡೆ ಲಾರಿಯ ಗಾಲಿ ಗುರುತು. ವಾಪಸು ತಂದು ಅದನ್ನೇ ಒಲೆಗೆ ಹಾಕಿ, ಆ ನೀರಿನಲ್ಲೇ ಚಹಾ ಕಾಯಿಸಿದೆ.

ನಿನ್ನ ಹೆಸರಿಟ್ಟ ನನ್ನ ಮಗಳು ಇನ್ನೊಂದು ಲೋಟ ಕೇಳಿದಳು.